ತಾಯಿ ಇರುವ ಅನಾಥರು

ಯುದ್ಧವೊಂದು ನಿಂತ ಮೇಲೆ, ಕೆಲವೊಮ್ಮೆ ನಿಲ್ಲುವ ಮೊದಲೇ, ಜಗತ್ತಿನ ಪತ್ರಿಕೆಗಳಲ್ಲಿ ಮಕ್ಕಳ ಸಂಖ್ಯೆಯೊಂದು ಅಚ್ಚಾಗುತ್ತದೆ. ಗಾಜಾದಲ್ಲಿ ಕನಿಷ್ಠ 17,000 ಮಕ್ಕಳು ಒಂಟಿಯಾಗಿದ್ದಾರೆ ಅಥವಾ ಕುಟುಂಬದಿಂದ ಬೇರ್ಪಟ್ಟಿದ್ದಾರೆ ಎಂದು ಯುನಿಸೆಫ್ 2024ರ ಫೆಬ್ರುವರಿಯಲ್ಲಿ ಅಂದಾಜು ಮಾಡಿತು. 2022ರಲ್ಲಿ ರಷ್ಯಾ ಪೂರ್ಣ ಪ್ರಮಾಣದ ದಾಳಿ ಆರಂಭಿಸಿದಾಗ ಉಕ್ರೇನಿನ ವಸತಿ ಸಂಸ್ಥೆಗಳಲ್ಲಿ 90,000ಕ್ಕೂ ಹೆಚ್ಚು ಮಕ್ಕಳಿದ್ದರು. ಅವರಲ್ಲಿ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದರು. ಇಂಥ ಸಂಖ್ಯೆಗಳನ್ನು ಓದಿದ ಕೂಡಲೇ ಸಹೃದಯರ ಮನಸ್ಸಿನಲ್ಲಿ ಮೂಡುವ ಪರಿಹಾರ ಸಾಮಾನ್ಯವಾಗಿ ಒಂದೇ: ಒಂದು ಸುಸಜ್ಜಿತ ಕಟ್ಟಡ, ಸಾಲು ಮಂಚಗಳು, ಹೊತ್ತು ಹೊತ್ತಿಗೆ ಊಟ, ಹೊರಗೋಡೆಯ ಮೇಲೆ ದಾನಿಗಳ ಹೆಸರು. ಅಂದರೆ ಒಂದು ಅನಾಥಾಲಯ.

ನನ್ನ ಮನಸ್ಸಿನಲ್ಲಿಯೂ ದೀರ್ಘಕಾಲ ಇದ್ದ ಚಿತ್ರ ಇದೇ. ಮೂರೂವರೆ ದಶಕ ಸರ್ಕಾರಿ ಸೇವೆಯಲ್ಲಿದ್ದವನಿಗೆ, ಅದಕ್ಕೂ ಮೊದಲು ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ, ಈ ಚಿತ್ರದ ಹಿಂದಿನ ಲೆಕ್ಕವನ್ನು ಪರಿಶೀಲಿಸಬೇಕೆಂದು ತೋರದೇ ಹೋದದ್ದು ಸೋಜಿಗ. ಆ ಪರಿಶೀಲನೆಗೆ ನನ್ನನ್ನು ತೊಡಗಿಸಿದ್ದು ಕಾಂಬೋಡಿಯಾದ ಒಂದು ಅನಾಥಾಲಯದಲ್ಲಿ ಕಳೆದ ಒಂದು ಗಂಟೆ.

2010ರ ಸೆಪ್ಟೆಂಬರ್ ಕೊನೆಯ ವಾರ ನಾನು, ನನ್ನ ಪತ್ನಿ ಅಂಕೋರ್ ವಾಟ್ ನೋಡಲು ಸಿಯೆಮ್ ರೀಪ್‌ಗೆ ಹೋಗಿದ್ದೆವು. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಎರಡು ದಿನ ದೇವಾಲಯಗಳನ್ನು ನೋಡಿ ದಣಿದಿದ್ದ ನಮಗೆ ಟುಕ್‌ಟುಕ್ ಚಾಲಕ, ಸಂಜೆ ಬಿಡುವಿದ್ದರೆ ಒಂದು ಅನಾಥಾಲಯಕ್ಕೆ ಕರೆದೊಯ್ಯುವುದಾಗಿಯೂ ಅಲ್ಲಿ ಮಕ್ಕಳು ನೃತ್ಯ ಮಾಡುವುದಾಗಿಯೂ ಹೇಳಿದ. ಆ ದೇಶ ಅನುಭವಿಸಿದ ನೋವನ್ನು ಅಷ್ಟಿಷ್ಟು ಓದಿಕೊಂಡಿದ್ದ ನಮಗೆ ಅಲ್ಲಿಗೆ ಹೋಗುವುದು ಒಂದು ಕರ್ತವ್ಯವೆಂದೇ ತೋರಿತು.

ತಗಡಿನ ಸೂರಿನ ಉದ್ದನೆಯ ಕೊಠಡಿ. ಹತ್ತು ಹದಿನೈದು ವಿದೇಶಿಯರಿಗೆ ಪ್ಲಾಸ್ಟಿಕ್ ಕುರ್ಚಿಗಳು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳು ಮೊದಲು ಅಪ್ಸರಾ ನೃತ್ಯದ ತುಣುಕೊಂದನ್ನು, ಅನಂತರ ತೆಂಗಿನ ಚಿಪ್ಪುಗಳನ್ನು ತಾಳಕ್ಕೆ ತಟ್ಟುತ್ತ ಜನಪದ ನೃತ್ಯವೊಂದನ್ನು ಮಾಡಿದರು. ಮುಗಿದ ಮೇಲೆ ಮಕ್ಕಳು ಬಂದು ನಮ್ಮ ಕೈ ಹಿಡಿದುಕೊಂಡರು. ಸಣ್ಣವರು ಮಡಿಲಿಗೂ ಏರಿದರು. ಗೋಡೆಯ ಬಳಿ ಗಾಜಿನ ದೇಣಿಗೆ ಪೆಟ್ಟಿಗೆ, ಅದರ ಪಕ್ಕ ಸಂದರ್ಶಕರ ಪುಸ್ತಕ. ನಾನು ಪೆಟ್ಟಿಗೆಗೆ ನೂರು ಡಾಲರ್ ಹಾಕಿದೆ. ಆಗಿನ ಲೆಕ್ಕದಲ್ಲಿ ನಾಲ್ಕೂವರೆ ಸಾವಿರ ರೂಪಾಯಿ. ಪುಸ್ತಕದಲ್ಲಿ ಇದು ದೇವರು ಮೆಚ್ಚುವ ಕೆಲಸವೆಂದು ಇಂಗ್ಲಿಷಿನಲ್ಲಿ ಬರೆದು, ಹೆಸರಿನ ಕೆಳಗೆ ಹುದ್ದೆಯನ್ನೂ ನಮೂದಿಸಿದೆ.

ನನ್ನ ಪತ್ನಿಯ ಕೈ ಹಿಡಿದಿದ್ದ ಹುಡುಗಿಗೆ ಒಂಬತ್ತು ವರ್ಷವಿರಬಹುದು. ಇಂಗ್ಲಿಷ್ ಸ್ವಲ್ಪ ಬರುತ್ತಿತ್ತು. ಮಾತಿಗೆ ಮಾತು ಬಂದು, ಮುಂದಿನ ವಾರ ತಾನು ಊರಿಗೆ ಹೋಗುವುದಾಗಿ ಹೇಳಿದಳು. ಯಾವ ಊರಿಗೆ ಎಂದು ಪತ್ನಿ ಕೇಳಿದರು. ‘ಅಮ್ಮನ ಊರಿಗೆ, ಪ್ಚುಮ್ ಬೆನ್ ಹಬ್ಬಕ್ಕೆ’ ಎಂದಳು ಹುಡುಗಿ. ಅಲ್ಲಿ ಅಮ್ಮ, ಇಬ್ಬರು ತಮ್ಮಂದಿರು ಇದ್ದಾರೆ, ಅಮ್ಮ ಅಕ್ಕಿಯ ಕಡುಬು ಮಾಡುತ್ತಾಳೆ ಎಂದೂ ಸೇರಿಸಿದಳು. ಮರೆಮಾಚಬೇಕಾದ ಸಂಗತಿ ಇದೆಂದು ಆ ಮಗುವಿಗೆ ಯಾರೂ ಹೇಳಿಕೊಟ್ಟಂತಿರಲಿಲ್ಲ.

ಪ್ಚುಮ್ ಬೆನ್ ಎಂದರೆ ಕಾಂಬೋಡಿಯನ್ನರ ಪಿತೃಪಕ್ಷ. ನಮ್ಮ ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿಯೇ ಅದು ಬರುತ್ತದೆ. ಬೆನ್ ಎಂಬ ಶಬ್ದದ ಮೂಲವೂ ನಮ್ಮ ಪಿಂಡ ಶಬ್ದವೇ. ಗತಿಸಿದ ಹಿರಿಯರಿಗೆ ಅನ್ನ ಅರ್ಪಿಸಲು ಎಲ್ಲರೂ ಹುಟ್ಟೂರಿಗೆ ತೆರಳುವ ಹಬ್ಬ. ತಾನು ಅನಾಥೆಯೆಂದು ನಮ್ಮೆದುರು ನೃತ್ಯ ಮಾಡಿದ ಹುಡುಗಿ ಹಿರಿಯರ ಹಬ್ಬಕ್ಕೆ ಅಮ್ಮನ ಮನೆಗೆ ಹೊರಟಿದ್ದಳು! ಹೋಟೆಲಿಗೆ ಮರಳುವಾಗ ಪತ್ನಿ ಕೇಳಿದ ಪ್ರಶ್ನೆ ಸರಳವಾಗಿತ್ತು: ‘ಅಮ್ಮ ಇದ್ದ ಮೇಲೆ ಆ ಮಗು ಅಲ್ಲಿ ಯಾಕೆ ಇದೆ?’ ನನ್ನಲ್ಲಿ ಉತ್ತರವಿರಲಿಲ್ಲ.

ಏರುವ ರೇಖೆ, ಇಳಿಯುವ ರೇಖೆ

ಉತ್ತರ ಹುಡುಕಲು ಆ ದೇಶದ ಇತಿಹಾಸವನ್ನು ತುಸು ನೆನೆಯಬೇಕು. 1975ರ ಏಪ್ರಿಲ್ 17ರಂದು ನಾಮ್ ಪೆನ್ ನಗರವನ್ನು ವಶಪಡಿಸಿಕೊಂಡ ಖ್ಮೇರ್ ರೂಜ್, 1979ರ ಜನವರಿ 7ರಂದು ಪದಚ್ಯುತವಾಗುವ ವೇಳೆಗೆ ಹದಿನೇಳರಿಂದ ಇಪ್ಪತ್ತು ಲಕ್ಷ ಜನರ ಸಾವಿಗೆ ಕಾರಣವಾಗಿತ್ತು. ಒಟ್ಟು ಜನಸಂಖ್ಯೆಯ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗವದು. ಆ ಆಡಳಿತ ಮನುಷ್ಯರನ್ನು ಮಾತ್ರ ಕೊಲ್ಲಲಿಲ್ಲ. ಕುಟುಂಬವೆಂಬ ವ್ಯವಸ್ಥೆಯನ್ನೇ ಶತ್ರುವೆಂದು ಬಗೆಯಿತು. ಮನೆಯ ಒಲೆಗಳನ್ನು ನಂದಿಸಿ ಸಾಮೂಹಿಕ ಊಟದ ಪದ್ಧತಿ ತಂದಿತು. ಮಕ್ಕಳನ್ನು ತಂದೆ ತಾಯಿಯರಿಂದ ಬೇರ್ಪಡಿಸಿ ದುಡಿಮೆಯ ತಂಡಗಳಿಗೆ ಸೇರಿಸಿತು. 1979ರಲ್ಲಿ ಆ ದೇಶದ ರಸ್ತೆಗಳ ಉದ್ದಕ್ಕೂ ಜನ ತಮ್ಮವರನ್ನು ಹುಡುಕಿಕೊಂಡು ನಡೆದರು. ಆಗ ಅನಾಥ ಮಕ್ಕಳು ನಿಜವಾಗಿಯೂ ಇದ್ದರು, ಅಪಾರ ಸಂಖ್ಯೆಯಲ್ಲಿದ್ದರು. ಸರ್ಕಾರ ಕೆಲವು ಅನಾಥಾಲಯಗಳನ್ನು ತೆರೆಯಿತಾದರೂ ಅನೇಕ ಮಕ್ಕಳನ್ನು ಅಜ್ಜಿಯರು, ವಿಧವೆಯರಾದ ಚಿಕ್ಕಮ್ಮಂದಿರು, ನೆರೆಹೊರೆಯವರು ಸಾಕಿದರು.

ಆ ಬಳಿಕವೂ ಅಂತರ್ಯುದ್ಧ ಮುಂದುವರಿಯಿತು. 1991ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಶಾಂತಿ ಒಪ್ಪಂದವಾಯಿತು. 1993ರಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಚುನಾವಣೆ ನಡೆಯಿತು. ಆ ಶಾಂತಿಪಾಲನಾ ಪಡೆಯಲ್ಲಿ ಭಾರತದ ಸೈನಿಕರೂ ಇದ್ದರು. 1998ರಲ್ಲಿ ಪೋಲ್ ಪಾಟ್ ಸತ್ತ ಮೇಲೆ ಖ್ಮೇರ್ ರೂಜ್‌ನ ಉಳಿದ ಪಡೆಗಳೂ ಕರಗಿಹೋದವು. ಅಂದರೆ 2010ರಲ್ಲಿ ನಾನು ಕಂಡ ಒಂಬತ್ತರ ಹುಡುಗಿ ಯುದ್ಧ ಪೂರ್ತಿಯಾಗಿ ಮುಗಿದ ಮೇಲೆ ಹುಟ್ಟಿದವಳು. 1990ರ ದಶಕದಲ್ಲಿ ಹರಡಿದ ಏಡ್ಸ್ ಕೂಡ ಹಲವು ಮಕ್ಕಳನ್ನು ತಬ್ಬಲಿ ಮಾಡಿತ್ತು ನಿಜ. ಆದರೆ ಆ ದಶಕದ ಕೊನೆಯಿಂದ ಸೋಂಕಿನ ಪ್ರಮಾಣ ಇಳಿಮುಖವಾಗಿತ್ತು. ವಿಶ್ವಬ್ಯಾಂಕಿನ ಲೆಕ್ಕದಂತೆ 2004ರಲ್ಲಿ ಜನಸಂಖ್ಯೆಯ ಅರ್ಧದಷ್ಟಿದ್ದ ಬಡವರ ಪ್ರಮಾಣ 2011ರ ವೇಳೆಗೆ ಐದನೇ ಒಂದರಷ್ಟಕ್ಕೆ ತಗ್ಗಿತ್ತು.

ಯುದ್ಧ ಮುಗಿದಿದೆ, ರೋಗ ಇಳಿದಿದೆ, ಬಡತನ ತಗ್ಗಿದೆ. ಹಾಗಿದ್ದರೆ ಅನಾಥಾಲಯಗಳ ಸಂಖ್ಯೆಯೂ ಕಡಿಮೆಯಾಗಬೇಕಿತ್ತು. ಆದದ್ದು ಇದಕ್ಕೆ ವಿರುದ್ಧ. 2005ರಿಂದ 2010ರ ನಡುವಿನ ಐದೇ ವರ್ಷಗಳಲ್ಲಿ ಕಾಂಬೋಡಿಯಾದ ಮಕ್ಕಳ ವಸತಿ ಸಂಸ್ಥೆಗಳ ಸಂಖ್ಯೆ ಶೇ 75ರಷ್ಟು ಹೆಚ್ಚಿ 269 ಮುಟ್ಟಿತು. ಅವುಗಳಲ್ಲಿ ಸುಮಾರು 12,000 ಮಕ್ಕಳಿದ್ದರು. 269ರಲ್ಲಿ ಸರ್ಕಾರ ನಡೆಸುತ್ತಿದ್ದುದು ಕೇವಲ 21. ಉಳಿದವು ಬಹುತೇಕ ವಿದೇಶಿ ದೇಣಿಗೆಯನ್ನು ಆಶ್ರಯಿಸಿದಂಥವು. ಅಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆ ಅಥವಾ ತಾಯಿ ಬದುಕಿದ್ದರು.

ಒಂದು ವಸ್ತುವಿನ ಕೊರತೆ ಕಡಿಮೆಯಾಗುತ್ತಿರುವಾಗಲೇ ಅದಕ್ಕೆಂದು ತೆರೆದ ಸಂಸ್ಥೆಗಳು ಹೆಚ್ಚುತ್ತಿದ್ದರೆ, ಅವುಗಳನ್ನು ಬೆಳೆಸುತ್ತಿರುವ ಬೇಡಿಕೆ ಬೇರೆ ಕಡೆಯಿಂದ ಬರುತ್ತಿದೆ ಎಂದು ಅರ್ಥಶಾಸ್ತ್ರದ ಪ್ರಥಮ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ. ಆ ಬೇಡಿಕೆ ಮಕ್ಕಳದ್ದಲ್ಲ, ನಮ್ಮದು. 2005ರಲ್ಲಿ ಕಾಂಬೋಡಿಯಾಕ್ಕೆ ಬಂದ ವಿದೇಶಿ ಪ್ರವಾಸಿಗರು ಸುಮಾರು 14 ಲಕ್ಷ. 2010ರಲ್ಲಿ 25 ಲಕ್ಷ. ಸಿಯೆಮ್ ರೀಪ್, ನಾಮ್ ಪೆನ್ ಮುಂತಾಗಿ ಪ್ರವಾಸಿಗರು ಹೆಚ್ಚಾಗಿ ಹೋಗುವ ಊರುಗಳಲ್ಲಿಯೇ ಅನಾಥಾಲಯಗಳೂ ಹೆಚ್ಚಾಗಿದ್ದವು. ಅನಾಥರು ಮಾತ್ರ ಪ್ರವಾಸಿ ತಾಣಗಳ ಸುತ್ತ ಹೆಚ್ಚು ಹುಟ್ಟಲು ಕಾರಣವಿಲ್ಲ. ಇಂಥ ಸಂಸ್ಥೆಗಳ ಪ್ರತಿನಿಧಿಗಳು ಹಳ್ಳಿಗಳಿಗೆ ಹೋಗಿ, ನಿಮ್ಮ ಮಗುವಿಗೆ ಊಟ, ಬಟ್ಟೆ, ಇಂಗ್ಲಿಷ್ ಶಿಕ್ಷಣ ಕೊಡುತ್ತೇವೆ ಎಂದಾಗ ಬಡ ತಾಯಿ ಒಪ್ಪುವುದರಲ್ಲಿ ಅಚ್ಚರಿಯಿಲ್ಲ. ಆಕೆ ಮಗುವನ್ನು ತೊರೆಯುತ್ತಿರಲಿಲ್ಲ. ವಸತಿ ಶಾಲೆಗೆ ಸೇರಿಸುತ್ತಿದ್ದೇನೆಂದು ನಂಬಿದ್ದಳು. ಹಳ್ಳಿಯಲ್ಲಿ ಹತ್ತಿರ ಒಳ್ಳೆಯ ಶಾಲೆ ಇದ್ದಿದ್ದರೆ ಕಳಿಸುತ್ತಲೂ ಇರಲಿಲ್ಲ.

ಎಲ್ಲ ಸಂಸ್ಥೆಗಳೂ ವಂಚಕವಾಗಿದ್ದವು ಎಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ನಡೆಸುತ್ತಿದ್ದವರು ಅನೇಕರು. ಆದರೆ ದೇಣಿಗೆಯ ಮೊತ್ತ ಮಕ್ಕಳ ತಲೆಯೆಣಿಕೆಯ ಮೇಲೆ ನಿಂತಾಗ ಮಗುವನ್ನು ಮನೆಗೆ ಮರಳಿಸಿದ ಸಂಸ್ಥೆಗೆ ಆದಾಯ ಖೋತಾ, ಉಳಿಸಿಕೊಂಡ ಸಂಸ್ಥೆಗೆ ಲಾಭ. ಕಟ್ಟಡ ತೀರ ಚೆನ್ನಾಗಿ ಕಂಡರೆ ಪ್ರವಾಸಿಯ ಜೇಬು ಬಿಚ್ಚುವುದಿಲ್ಲವಾದ್ದರಿಂದ ಬಡತನವನ್ನು ಎದ್ದು ಕಾಣುವಂತೆ ಇರಿಸಿಕೊಳ್ಳುವುದೂ ಲಾಭದಾಯಕ. ಸಜ್ಜನರೇ ನಡೆಸಿದರೂ ಇಂಥ ವ್ಯವಸ್ಥೆ ತಪ್ಪು ದಾರಿಗೆ ಎಳೆಯುತ್ತದೆ. ಇದರ ಅತಿರೇಕವನ್ನು ಅಂತರದೇಶೀಯ ದತ್ತುವಿನಲ್ಲಿ ಕಾಣಬಹುದಿತ್ತು. ತಂದೆ ತಾಯಿ ಇರುವ ಮಕ್ಕಳನ್ನೂ ಅನಾಥರೆಂದು ತೋರಿಸಲಾಗುತ್ತಿದೆ ಎಂಬ ದೂರುಗಳ ನಡುವೆ, 2001ರ ಡಿಸೆಂಬರ್‌ನಲ್ಲಿಯೇ ಅಮೆರಿಕ ಕಾಂಬೋಡಿಯಾದಿಂದ ಮಕ್ಕಳನ್ನು ದತ್ತು ತರುವುದನ್ನು ಸ್ಥಗಿತಗೊಳಿಸಿತ್ತು.

ಎಣಿಕೆಯ ಗೊಂದಲ

ನಮ್ಮ ಭಾಷೆಯಲ್ಲಿ ತಬ್ಬಲಿ ಮತ್ತು ಅನಾಥ ಎಂಬ ಎರಡು ಪದಗಳಿವೆ. ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವುದು ರೂಢಿಯಾದರೂ ಸೂಕ್ಷ್ಮವಾಗಿ ನೋಡಿದರೆ ಬೇರೆ ಬೇರೆ. ಹೆತ್ತವರನ್ನು ಕಳೆದುಕೊಂಡ ಮಗು ತಬ್ಬಲಿ. ನಾಥನಿಲ್ಲದ್ದು, ಅಂದರೆ ಹೊಣೆ ಹೊರುವವರೇ ಇಲ್ಲದ ಮಗು ಅನಾಥ. ಅಜ್ಜಿಯ ಮಡಿಲಲ್ಲಿ ಬೆಳೆಯುತ್ತಿರುವ ತಬ್ಬಲಿ ಅನಾಥವಲ್ಲ. ಅಂತರರಾಷ್ಟ್ರೀಯ ಅಂಕಿಅಂಶಗಳಲ್ಲಿ ಈ ಭೇದ ಮಸುಕಾಗಿದೆ. ತಂದೆ ತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವನ್ನೂ ಯುನಿಸೆಫ್ ಅನಾಥರ ಲೆಕ್ಕಕ್ಕೆ ಸೇರಿಸುತ್ತದೆ. ಆ ಪ್ರಕಾರ 2015ರಲ್ಲಿ ಜಗತ್ತಿನಲ್ಲಿದ್ದ ಅನಾಥರು ಸುಮಾರು 14 ಕೋಟಿ. ಆದರೆ ಇಬ್ಬರನ್ನೂ ಕಳೆದುಕೊಂಡವರು ಒಂದೂವರೆ ಕೋಟಿ. ಆ ಒಂದೂವರೆ ಕೋಟಿಯಲ್ಲಿಯೂ ಬಹುಪಾಲು ಮಕ್ಕಳು ಬಂಧುಗಳ ಆಶ್ರಯದಲ್ಲಿರುವವರು. ದೊಡ್ಡ ಸಂಖ್ಯೆಯನ್ನು ಓದಿದ ದಾನಿ ದೊಡ್ಡ ಕಟ್ಟಡವನ್ನು ಕಟ್ಟಿಸುತ್ತಾನೆ. ತುಂಬಿಸಲು ಅಷ್ಟು ಅನಾಥರಿಲ್ಲದಾಗ ಬಡವರ ಮಕ್ಕಳು ಅಲ್ಲಿಗೆ ಬರುತ್ತಾರೆ.

ಬಂದರೆ ನಷ್ಟವೇನು, ಹೊಟ್ಟೆಗೆ ಊಟ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಅತ್ಯಂತ ಖಚಿತ ಉತ್ತರ ದೊರೆತದ್ದು ರುಮೇನಿಯಾದಲ್ಲಿ. 1989ರಲ್ಲಿ ಚೌಷೆಸ್ಕು ಆಡಳಿತ ಕುಸಿದಾಗ ಅಲ್ಲಿನ ಸಂಸ್ಥೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. 2000ದಲ್ಲಿ ಅಮೆರಿಕದ ಸಂಶೋಧಕರು ಬುಕಾರೆಸ್ಟಿನ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳ ಅಧ್ಯಯನ ಆರಂಭಿಸಿದರು. ಅರ್ಧದಷ್ಟು ಮಕ್ಕಳು ಪೋಷಕ ಕುಟುಂಬಗಳಿಗೆ ಹೋದರು, ಉಳಿದವರು ಸಂಸ್ಥೆಯ ಆರೈಕೆಯಲ್ಲಿಯೇ ಮುಂದುವರಿದರು. ಕುಟುಂಬಗಳಿಗೆ ಹೋದ ಮಕ್ಕಳ ಬುದ್ಧಿಶಕ್ತಿ, ಭಾಷೆ, ಇತರರೊಡನೆ ಬಾಂಧವ್ಯ ಬೆಳೆಸುವ ಸಾಮರ್ಥ್ಯ ಎಲ್ಲವೂ ಉತ್ತಮಗೊಂಡವು. ಎರಡು ವರ್ಷ ತುಂಬುವುದರೊಳಗೆ ಹೋದ ಮಕ್ಕಳಿಗೆ ಆದ ಲಾಭ ಹೆಚ್ಚು. ಮಗುವಿಗೆ ಊಟದಷ್ಟೇ ಬೇಕಾದದ್ದು ಪ್ರತಿದಿನವೂ ಅದೇ ಮುಖ. ಪಾಳಿಯ ಮೇಲೆ ಬಂದುಹೋಗುವ ಆಯಾ, ಎರಡು ವಾರಕ್ಕೆಂದು ಬಂದು ಹೋಗುವ ವಿದೇಶಿ ಸ್ವಯಂಸೇವಕ, ಸಂಜೆ ಬಂದು ಚಿತ್ರ ತೆಗೆಸಿಕೊಂಡು ಹೋಗುವ ನನ್ನಂಥ ಪ್ರವಾಸಿ, ಇವರಾರೂ ಅದನ್ನು ಕೊಡಲಾರರು. ಅಪರಿಚಿತರ ಮಡಿಲಿಗೆ ಮಗು ನಿಸ್ಸಂಕೋಚವಾಗಿ ಏರುವುದನ್ನು ನಾವು ಪ್ರೀತಿಯೆಂದು ತಿಳಿದಿದ್ದೆವು. ಸ್ಥಿರವಾದ ಆರೈಕೆ ಸಿಗದ ಮಕ್ಕಳಲ್ಲಿ ಕಾಣುವ ಲಕ್ಷಣವೂ ಅದೇ ಎಂದು ಅನಂತರ ಓದಿ ತಿಳಿದೆ.

ಬೇರೆ ದಾರಿಯೂ ಇದೆ. 1994ರಲ್ಲಿ ನೂರು ದಿನಗಳ ನರಮೇಧದಲ್ಲಿ ಎಂಟು ಲಕ್ಷ ಜನರನ್ನು ಕಳೆದುಕೊಂಡ ರುವಾಂಡಾದಲ್ಲಿ ಯುನಿಸೆಫ್ ಅಂದಾಜಿನಂತೆ 95,000 ಮಕ್ಕಳು ಅನಾಥರಾದರು. ಅಲ್ಲಿಯೂ ಅನಾಥಾಲಯಗಳು ಎದ್ದವು. ಆದರೆ 2012ರಲ್ಲಿ ಆ ಸರ್ಕಾರ, ಆಗಿದ್ದ 33 ಸಂಸ್ಥೆಗಳ ಸುಮಾರು 3,300 ಮಕ್ಕಳನ್ನು ಹಂತಹಂತವಾಗಿ ಕುಟುಂಬಗಳಿಗೆ ಸೇರಿಸುವ ನಿರ್ಧಾರ ಕೈಗೊಂಡಿತು. ಸಮಾಜ ಕಾರ್ಯಕರ್ತರನ್ನೂ ಮನಶ್ಶಾಸ್ತ್ರಜ್ಞರನ್ನೂ ನೇಮಿಸಿತು. ಬಂಧುಗಳಿಲ್ಲದ ಮಕ್ಕಳಿಗೆ ತರಬೇತಿ ಪಡೆದ ಪೋಷಕ ಕುಟುಂಬಗಳನ್ನು ಹುಡುಕಿತು. ಆ ಮಕ್ಕಳಲ್ಲಿ ಹೆಚ್ಚಿನವರು ಇಂದು ಕುಟುಂಬಗಳಲ್ಲಿದ್ದಾರೆ. ಬಡ ದೇಶಕ್ಕೆ ಇದು ದುಬಾರಿ ಆದರ್ಶವೆಂದು ಭಾವಿಸಬೇಕಾಗಿಲ್ಲ. ಕಟ್ಟಡ, ಸಿಬ್ಬಂದಿ, ಅಡುಗೆ, ಕಾವಲು ಎಲ್ಲವನ್ನೂ ಲೆಕ್ಕ ಹಾಕಿದರೆ ಸಂಸ್ಥೆಯಲ್ಲಿ ಒಂದು ಮಗುವಿಗೆ ತಗಲುವ ವೆಚ್ಚ, ಅದೇ ಮಗುವನ್ನು ಮನೆಯಲ್ಲಿ ಸಾಕಲು ಕುಟುಂಬಕ್ಕೆ ಕೊಡಬೇಕಾದ ನೆರವಿನ ಹಲವು ಪಟ್ಟು.

ಕಾಂಬೋಡಿಯಾ ಕೂಡ ತಡವಾಗಿಯಾದರೂ ದಾರಿ ಬದಲಿಸಿತು. 2011ರಿಂದ ಅಲ್ಲಿನ ಸ್ವಯಂಸೇವಾ ಸಂಸ್ಥೆಗಳು, ಮಕ್ಕಳು ಪ್ರವಾಸಿ ಆಕರ್ಷಣೆಗಳಲ್ಲ ಎಂಬ ಪ್ರಚಾರ ನಡೆಸಿದವು. 2015ರಲ್ಲಿ ಸಂಸ್ಥೆಗಳ ನಿಯಂತ್ರಣಕ್ಕೆ ನಿಯಮಗಳು ಬಂದವು. ಆ ವರ್ಷ ನಡೆದ ಸಮೀಕ್ಷೆ 406 ವಸತಿ ಸಂಸ್ಥೆಗಳಲ್ಲಿ 16,579 ಮಕ್ಕಳನ್ನು ಎಣಿಸಿತು. ಐದು ಪ್ರಾಂತ್ಯಗಳ ಸಂಸ್ಥೆಗಳಲ್ಲಿರುವ ಮಕ್ಕಳಲ್ಲಿ ಶೇ 30ರಷ್ಟು ಮಂದಿಯನ್ನು 2018ರೊಳಗೆ ಕುಟುಂಬಗಳಿಗೆ ಮರಳಿಸುವ ಗುರಿಯನ್ನು ಸರ್ಕಾರ ಹಾಕಿಕೊಂಡಿತು. ಮುಂದಿನ ಕೆಲವು ವರ್ಷಗಳಲ್ಲಿ ದೇಶದ ಸಂಸ್ಥೆಗಳಲ್ಲಿದ್ದ ಮಕ್ಕಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ದಾನಿಗಳ ದೇಶಗಳೂ ಎಚ್ಚೆತ್ತವು. 2018ರಲ್ಲಿ ಆಸ್ಟ್ರೇಲಿಯಾ ಆಧುನಿಕ ಗುಲಾಮಗಿರಿ ತಡೆ ಕಾಯಿದೆ ರೂಪಿಸುವಾಗ, ಲಾಭಕ್ಕಾಗಿ ಮಕ್ಕಳನ್ನು ಅನಾಥಾಲಯಗಳಿಗೆ ಸಾಗಿಸುವ ವಿಚಾರವೂ ಅದರ ಚರ್ಚೆಯ ಭಾಗವಾಯಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಪೋಷಕರ ಆರೈಕೆಯಿಲ್ಲದ ಮಕ್ಕಳ ಕುರಿತ ನಿರ್ಣಯದಲ್ಲಿ ಅನಾಥಾಲಯ ಪ್ರವಾಸದ ಅಪಾಯವನ್ನು ಪ್ರಸ್ತಾಪಿಸಿತು. ಅನಂತರ ಬಂದ ಕೋವಿಡ್ ಇನ್ನೊಂದು ಪಾಠ ಕಲಿಸಿತು. 2019ರಲ್ಲಿ 66 ಲಕ್ಷವಿದ್ದ ವಿದೇಶಿ ಪ್ರವಾಸಿಗರು 2021ರಲ್ಲಿ ಎರಡು ಲಕ್ಷಕ್ಕಿಂತ ಕಡಿಮೆಯಾದಾಗ, ಪ್ರವಾಸಿಗರ ಡಾಲರನ್ನು ನೆಚ್ಚಿದ್ದ ಮನೆಗಳು ಎಷ್ಟು ಸಡಿಲ ತಳಹದಿಯ ಮೇಲೆ ನಿಂತಿದ್ದವೆಂಬುದು ಸ್ಪಷ್ಟವಾಯಿತು.

ಆತುರವೂ ಅಪಾಯ ಎಂಬುದನ್ನು ಇಲ್ಲಿಯೇ ಹೇಳಬೇಕು. ಸಂಸ್ಥೆಯ ಬಾಗಿಲು ಮುಚ್ಚಿ, ಬಸ್ಸಿನ ಖರ್ಚು ಕೊಟ್ಟು ಮಗುವನ್ನು ಊರಿಗೆ ಅಟ್ಟುವುದು ಸುಧಾರಣೆಯಲ್ಲ. ಹೊಡೆತ, ಕುಡಿತ, ದೌರ್ಜನ್ಯ ಇರುವ ಮನೆಗಳಿವೆ. ಅಂಗವಿಕಲ ಮಕ್ಕಳಿಗೆ ಪೋಷಕ ಕುಟುಂಬ ಸಿಗುವುದು ಎಲ್ಲ ದೇಶಗಳಲ್ಲಿಯೂ ಕಷ್ಟ. ಯುದ್ಧದ ನಡುವೆ ಯಾರೆಂದೇ ತಿಳಿಯದ ಮಗು ಸಿಕ್ಕಾಗ ಕೆಲಕಾಲದ ಆಶ್ರಯ ಬೇಕೇ ಬೇಕು. ವಸತಿ ಸಂಸ್ಥೆಯಲ್ಲಿದ್ದುದರಿಂದಲೇ ಓದಿ ಉದ್ಯೋಗ ಹಿಡಿದವರೂ ಇದ್ದಾರೆ. ಅವರ ಅನುಭವವನ್ನು ಅಲ್ಲಗಳೆಯಲಾಗದು. ಆದರೆ ಓದಿಗಾಗಿ ಮಗು ತಾಯಿಯನ್ನು ಬಿಡಬೇಕಾಗಿ ಬಂದದ್ದೇಕೆ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ.

ಎರಡನೆಯ ಭೇಟಿ

ನಿವೃತ್ತನಾದ ಮೇಲೆ, 2024ರ ಫೆಬ್ರುವರಿಯಲ್ಲಿ ನಾವಿಬ್ಬರೂ ಮತ್ತೆ ಸಿಯೆಮ್ ರೀಪ್‌ಗೆ ಹೋದೆವು. ವಿಮಾನ ನಿಲ್ದಾಣ ಊರಿನಿಂದ ಬಹಳ ದೂರಕ್ಕೆ ಹೋಗಿತ್ತು, ರಸ್ತೆಗಳು ಅಗಲವಾಗಿದ್ದವು. ಹಳೆಯ ಅನಾಥಾಲಯವಿದ್ದ ಜಾಗವನ್ನು ಬಹಳ ಹುಡುಕಿದ ಮೇಲೆ ಗುರುತಿಸಿದೆವು. ಅಲ್ಲಿ ಈಗ ಪ್ರವಾಸಿಗರ ವಸತಿಗೃಹವಿದೆ. ಹುಡುಗಿ ಏನಾದಳೆಂದು ಕೇಳಲು ನಮಗೆ ಅವಳ ಹೆಸರು ಕೂಡ ಗೊತ್ತಿರಲಿಲ್ಲ. ಅವಳ ಜೊತೆ ತೆಗೆಸಿಕೊಂಡ ಚಿತ್ರ ಮಾತ್ರ ನಮ್ಮ ಮನೆಯ ಆಲ್ಬಮಿನಲ್ಲಿದೆ.

ಪರಿಚಿತರೊಬ್ಬರ ಮೂಲಕ ಮಕ್ಕಳನ್ನು ಕುಟುಂಬಗಳಿಗೆ ಮರಳಿಸುವ ಕೆಲಸದಲ್ಲಿರುವ ಸಮಾಜ ಕಾರ್ಯಕರ್ತೆಯೊಬ್ಬರ ಭೇಟಿಯಾಯಿತು. ಮಗುವನ್ನು ಮನೆಗೆ ಕಳಿಸುವ ಮೊದಲು ಹಲವು ಬಾರಿ ಆ ಮನೆಗೆ ಹೋಗಿ ನೋಡುವುದು, ಶಾಲೆಯ ಖರ್ಚು, ಸೈಕಲ್, ಕೆಲವು ತಿಂಗಳ ಅಕ್ಕಿ, ತಾಯಿ ಸಣ್ಣ ವ್ಯಾಪಾರ ಆರಂಭಿಸಲು ಒಂದಿಷ್ಟು ಹಣ, ಆ ಮೇಲೂ ಎರಡು ಮೂರು ವರ್ಷ ವಿಚಾರಿಸಿಕೊಳ್ಳುವುದು, ಹೀಗೆ ಅವರ ಕೆಲಸದ ಕ್ರಮವನ್ನು ವಿವರಿಸಿದರು. ಹಾಗೆ ಮರಳಿದ ಒಂದು ಮಗುವನ್ನು ನಾವು ನೋಡಬಹುದೇ ಎಂದು ಕೇಳಿದೆ. ಆಕೆ ನಕ್ಕು, ‘ನಾನು ನಿಮ್ಮ ಊರಿಗೆ ಬಂದರೆ ನಿಮ್ಮ ಬೀದಿಯ ಯಾವುದಾದರೊಂದು ಮನೆಗೆ ಕರೆದೊಯ್ದು ಮಗುವನ್ನು ತೋರಿಸುತ್ತೀರಾ?’ ಎಂದರು. ಇಷ್ಟೆಲ್ಲ ಓದಿಕೊಂಡು ಹೋದವನು ನಾನು. ಆದರೂ ನೋಡುವ ಹಕ್ಕು ನನಗಿದೆಯೆಂಬ ಭಾವನೆ ನನ್ನಲ್ಲಿ ಉಳಿದೇ ಇತ್ತು. ಸಹಾಯ ಮಾಡಬೇಕಿದ್ದರೆ ಸಮಾಜ ಕಾರ್ಯಕರ್ತರ ಸಂಬಳಕ್ಕೆ ಕೊಡಿ, ಅದಕ್ಕೆ ಯಾರೂ ಕೊಡುವುದಿಲ್ಲ ಎಂದೂ ಆಕೆ ಹೇಳಿದರು. ದಾನದ ಜಗತ್ತಿನ ದೊಡ್ಡ ಕೊರತೆಯನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ.

ದೂರದ ದೇಶದ ಈ ಕಥೆ ನಮ್ಮ ಓದುಗರಿಗೇಕೆ ಎಂದು ಕೆಲವರಿಗೆ ಅನ್ನಿಸೀತು. ನಮ್ಮ ನಗರದಲ್ಲಿ ಹುಟ್ಟುಹಬ್ಬ, ವಿವಾಹ ವಾರ್ಷಿಕೋತ್ಸವ, ಹಿರಿಯರ ಪುಣ್ಯತಿಥಿಯಂದು ಅನಾಥಾಲಯಕ್ಕೆ ಹೋಗಿ ಊಟ ಹಾಕಿಸುವುದು ಮಧ್ಯಮ ವರ್ಗದ ಸದಾಚಾರವಾಗಿದೆ. ಮಗನ ಕೈಯಲ್ಲಿ ಕೇಕ್ ಕತ್ತರಿಸಿ ಹಂಚಿಸುತ್ತೇವೆ, ಸಾಲಾಗಿ ನಿಂತ ಮಕ್ಕಳಿಂದ ಹಾಡು ಹೇಳಿಸುತ್ತೇವೆ. ನಾವೂ ಹಾಗೆ ಮಾಡಿದ್ದೇವೆ. ಉದ್ದೇಶದಲ್ಲಿ ದೋಷವಿಲ್ಲ. ಆದರೆ ತನ್ನದಲ್ಲದ ಹುಟ್ಟುಹಬ್ಬಕ್ಕೆ ವಾರವಾರವೂ ಹಾಡುವ ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ಎಷ್ಟು ಜನ ಯೋಚಿಸಿದ್ದೇವೆ?

ಕಾನೂನು ನಮಗಿಂತ ಮುಂದಿದೆ. ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಬೇಕೆಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ಬಡತನವೊಂದೇ ಮಗುವನ್ನು ಕುಟುಂಬದಿಂದ ಬೇರ್ಪಡಿಸಲು ಕಾರಣವಾಗಬಾರದೆಂದು ವಿಶ್ವಸಂಸ್ಥೆಯ 2009ರ ಮಾರ್ಗಸೂಚಿ ಹೇಳಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಮಗು ಮನೆಯಲ್ಲಿಯೇ ಉಳಿಯಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ನೆರವಿಗೆ ಅವಕಾಶವಿದೆ. ಕೋವಿಡ್‌ನಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2021ರಲ್ಲಿ ಘೋಷಿಸಿದ ಬಾಲಸೇವಾ ಯೋಜನೆಯೂ ಮಗುವನ್ನು ಸಾಕುವ ಪೋಷಕರಿಗೆ ಮಾಸಿಕ ನೆರವು ನೀಡುವಂಥದ್ದು. ಯೋಜನೆ ಇದೆಯೇ ಎಂಬುದಕ್ಕಿಂತ, ಅರ್ಹ ವಿಧವೆಯ ಅರ್ಜಿ ಎಷ್ಟು ದಿನಗಳಲ್ಲಿ ವಿಲೇವಾರಿಯಾಗುತ್ತದೆ ಎಂಬುದು ಮುಖ್ಯ ಪ್ರಶ್ನೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

1986ರ ಬರಗಾಲ. ನಾನು ಸೇವೆಗೆ ಸೇರಿ ಎರಡು ವರ್ಷವಾಗಿತ್ತು. ಗಂಡನನ್ನು ಕಳೆದುಕೊಂಡ ಕೂಲಿ ಹೆಂಗಸೊಬ್ಬಳು ಮೂವರು ಮಕ್ಕಳೊಂದಿಗೆ ಕಚೇರಿಗೆ ಬಂದಿದ್ದಳು. ಮಕ್ಕಳನ್ನು ವಸತಿ ಸಂಸ್ಥೆಗೆ ಸೇರಿಸುವ ಶಿಫಾರಸಿಗೆ ನಾನು ಸಹಿ ಮಾಡಿದೆ. ತಾಯಿಯ ಒಪ್ಪಿಗೆ ಪಡೆಯಲಾಗಿದೆ ಎಂದು ಟಿಪ್ಪಣಿಯಲ್ಲಿತ್ತು. ಕೆಳಗೆ ಹೆಬ್ಬೆಟ್ಟಿನ ಗುರುತಿತ್ತು. ಅಂದು ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿಂದ ಮನೆಗೆ ಹೋದೆ. ಕೆಲವು ತಿಂಗಳ ಬಳಿಕ ಬಾಕಿ ಕಡತಗಳ ಪರಿಶೀಲನೆಯಲ್ಲಿ ಅದೇ ಹೆಂಗಸಿನ ವಿಧವಾ ವೇತನದ ಅರ್ಜಿ ಕಣ್ಣಿಗೆ ಬಿತ್ತು. ನಾನು ಶಿಫಾರಸು ಮಾಡಿದ ದಿನಕ್ಕೆ ಏಳು ತಿಂಗಳು ಮೊದಲೇ ಬಂದದ್ದು ಅದು, ಗಂಡನ ಮರಣ ಪ್ರಮಾಣಪತ್ರ ಲಗತ್ತಿಸಿಲ್ಲವೆಂಬ ಕಾರಣಕ್ಕೆ ನಿಂತಿತ್ತು. ಆ ಪ್ರಮಾಣಪತ್ರ ಕೊಡಿಸಬೇಕಾದವರೂ ನನ್ನ ಕೈಕೆಳಗಿನವರೇ. ವೇತನ ಮಂಜೂರು ಮಾಡಿಸಿದೆ. ಮಕ್ಕಳನ್ನು ಮರಳಿ ತರಿಸುವ ಯೋಚನೆ ಮಾತ್ರ ಆಗ ನನಗೆ ಹೊಳೆಯಲೇ ಇಲ್ಲ. ಅಷ್ಟರಲ್ಲಿ ವರ್ಗಾವಣೆಯಾಯಿತು. ಆ ಮೂವರು ಎಲ್ಲಿದ್ದಾರೋ ತಿಳಿಯದು. ಸಿಯೆಮ್ ರೀಪ್‌ನಲ್ಲಿ ಪತ್ನಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ ಎಂದೆ. ಇತ್ತು, ಅದು ಇಪ್ಪತ್ತನಾಲ್ಕು ವರ್ಷ ಹಳೆಯ ಕಡತದಲ್ಲಿತ್ತು.

ಇಂದು ಯುದ್ಧ ನಡೆಯುತ್ತಿರುವ ದೇಶಗಳಲ್ಲಿ ನಾಳೆ ಶಾಂತಿ ನೆಲೆಸಿದಾಗ ಮಕ್ಕಳಿಗಾಗಿ ಹಣ ಹರಿದುಬರುತ್ತದೆ, ಅದರಲ್ಲಿ ಭಾರತೀಯರ ಹಣವೂ ಇರುತ್ತದೆ. ಅದು ಮೊದಲು ಬಂಧುಗಳನ್ನು ಹುಡುಕುವ ಕೆಲಸಕ್ಕೆ, ಆ ಮೇಲೆ ಮಗುವನ್ನು ಇಟ್ಟುಕೊಂಡ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರ ಕೈಗೆ, ಊರಿನ ಶಾಲೆಗೆ ಹೋಗಬೇಕು, ಕಟ್ಟಡಕ್ಕೆ ಕೊನೆಯಲ್ಲಿ. ನಮ್ಮ ಊರಿನಲ್ಲಿ ಮುಂದಿನ ಹುಟ್ಟುಹಬ್ಬಕ್ಕೆ ಅನಾಥಾಲಯದ ಊಟಕ್ಕೆ ಹಣ ಕಟ್ಟುವ ಮೊದಲು ಅಲ್ಲಿನ ವ್ಯವಸ್ಥಾಪಕರನ್ನು ಎರಡು ಪ್ರಶ್ನೆ ಕೇಳಬಹುದು. ಇಲ್ಲಿರುವ ಎಷ್ಟು ಮಕ್ಕಳಿಗೆ ತಾಯಿ ಇದ್ದಾಳೆ? ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ಪ್ರಾಮಾಣಿಕರಾದ ವ್ಯವಸ್ಥಾಪಕರು ಈ ಪ್ರಶ್ನೆಗಳಿಂದ ಸಿಟ್ಟಾಗುವುದಿಲ್ಲ. ಅಧಿಕಾರದಲ್ಲಿರುವ ನನ್ನ ಕಿರಿಯ ಸಹೋದ್ಯೋಗಿಗಳಿಗೆ ಮೂರನೆಯದೊಂದಿದೆ. ಮಗುವನ್ನು ಸಂಸ್ಥೆಗೆ ಸೇರಿಸುವ ಕಡತ ಮೇಜಿಗೆ ಬಂದಾಗ ಸಹಿ ಮಾಡುವ ಮುನ್ನ ಕೇಳಿ: ಈ ತಾಯಿಯ ಅರ್ಜಿ ಯಾವ ಮೇಜಿನ ಮೇಲೆ ನಿಂತಿದೆ?